ಸೀ ರಾಕ್: ಬಾಂದ್ರಾ ಕಡಲಂಚಿನ ಒಂದು ವಸತಿಗೃಹದ ಅಳಿವು

‘ಹೋಟೆಲು’ ಎಂಬ ಶಬ್ದಕ್ಕೆ ಮುಂಬಯಿ ಕನ್ನಡಿಗರ ಬಾಯಲ್ಲಿ ಒಂದು ಅರ್ಥ, ಸರಕಾರದ ಕಾಗದಪತ್ರಗಳಲ್ಲಿ ಇನ್ನೊಂದು ಅರ್ಥ. ಮಾಟುಂಗಾದ ನಿವಾಸಿಗೆ ಹೋಟೆಲೆಂದರೆ ಇಡ್ಲಿ, ದೋಸೆ, ಕಾಫಿಗಳು ದೊರೆಯುವ ಸ್ಥಳ. ಕರಾವಳಿಯಿಂದ ಬಂದ ಹುಡುಗನು ಹಗಲು ಮೇಜು ಒರೆಸಿ, ರಾತ್ರಿಶಾಲೆಯಲ್ಲಿ ಓದಿ, ಮುಂದೊಂದು ದಿನ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಸ್ಥಳ. ಕಾಯಿದೆಯ ದೃಷ್ಟಿಯಲ್ಲಿಯಾದರೋ ಹೋಟೆಲು ಮೊದಲಿಗೆ ತಂಗುವ ಮನೆ. 1947ರ ಮುಂಬಯಿ ಬಾಡಿಗೆ ನಿಯಂತ್ರಣ ಕಾಯಿದೆಯ ಪೂರ್ಣ ಹೆಸರಿನಲ್ಲಿಯೇ ಬಾಡಿಗೆಯ ಜೊತೆಗೆ ‘ಹೋಟೆಲು ಹಾಗೂ ವಸತಿಗೃಹಗಳ ದರ’ವೂ ಸೇರಿಕೊಂಡಿತ್ತು. ಈ ಎರಡು ಅರ್ಥಗಳ ನಡುವಣ ಅಂತರವು ಕೇವಲ ಭಾಷೆಯದಲ್ಲ. ಊಟದ ಹೋಟೆಲು ಮುಚ್ಚಿದರೆ ಅದರ ರುಚಿಯನ್ನು ನೆನೆದು ಮರುಗುವ ಗಿರಾಕಿಗಳು ನೂರಾರು ಮಂದಿ ಇರುತ್ತಾರೆ. ತಂಗುವ ಹೋಟೆಲು ಅಳಿದರೆ ಮರುಗುವವರು ಯಾರು? ಅಲ್ಲಿ ತಂಗಿದವರು ಪರಸ್ಥಳದವರು, ಮರುದಿನವೇ ಹೊರಟುಹೋದವರು. ಊರಿನವರು ಅದನ್ನು ಹೊರಗಿನಿಂದ ನೋಡಿದ್ದೇ ಹೆಚ್ಚು. ಆದುದರಿಂದಲೇ ಮುಂಬಯಿಯ ಕಡಲತಡಿಯಲ್ಲಿ ಸ್ವಾತಂತ್ರ್ಯಾನಂತರದ ಕಾಲ ಕಟ್ಟಿಕೊಂಡ ದೊಡ್ಡ ವಸತಿಗೃಹಗಳು ಒಂದೊಂದಾಗಿ ರೂಪಗೆಟ್ಟರೂ, ನೆಲಸಮವಾದರೂ, ಅದರ ಬಗೆಗೆ ವಿಚಾರಪೂರ್ವಕವಾದ ಮಾತು ಅಷ್ಟಾಗಿ ಕೇಳಿಬರಲಿಲ್ಲ.

ಬಾಂದ್ರಾದ ಬ್ಯಾಂಡ್‌ಸ್ಟ್ಯಾಂಡ್ ಬೀದಿ ಮುಗಿಯುವ ಕಡೆ, ಲ್ಯಾಂಡ್ಸ್ ಎಂಡ್ ಎಂದು ಕರೆಯುವ ಭೂಮಿಯ ಮೂಗಿನ ಬಳಿ, ಬಂಡೆಗಳ ಮೇಲೆಯೇ ಎದ್ದು ನಿಂತಿದ್ದ ‘ಸೀ ರಾಕ್’ ಅಂಥದೊಂದು ಕಟ್ಟಡ. 1970ರ ದಶಕದ ಕೊನೆಗೆ ತೆರೆದ ಈ ಹೋಟೆಲು ಹದಿನೈದು ವರ್ಷಗಳ ಕಾಲ ಪಶ್ಚಿಮ ಉಪನಗರಗಳ ಅತಿ ಎದ್ದುಕಾಣುವ ಗುರುತುಗಳಲ್ಲಿ ಒಂದಾಗಿತ್ತು. ಈಗ ಅದು ಇಲ್ಲ. ಅದನ್ನು 1993ರ ಬಾಂಬು ಕೆಡವಿತೆಂದು ಬಹುಜನರು ನಂಬಿದ್ದಾರೆ. ಈ ನಂಬಿಕೆ ಸರಿಯಲ್ಲ. ಬಾಂಬು ಅದನ್ನು ಗಾಯಗೊಳಿಸಿತು, ಅಷ್ಟೆ, ಕೆಡವಿದ್ದು ಬೇರೆ. ಆ ‘ಬೇರೆ’ ಎಂಬುದು ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಹೊರಟರೆ ಈ ಒಂದು ಹೋಟೆಲಿನ ಕಥೆಯಷ್ಟೇ ಅಲ್ಲದೆ ಒಂದು ಇಡೀ ತಲೆಮಾರಿನ ಕಟ್ಟಡಗಳ ಗತಿಯೇ ಕಣ್ಣಮುಂದೆ ನಿಲ್ಲುತ್ತದೆ.

ಮೊದಲು ಆ ತಲೆಮಾರಿನ ಹುಟ್ಟನ್ನು ನೋಡಬೇಕು. ಎರಡನೆಯ ಮಹಾಯುದ್ಧವಾದ ಮೇಲಿನ ಎರಡು ಮೂರು ದಶಕಗಳಲ್ಲಿ ಜಗತ್ತಿನಾದ್ಯಂತ ಒಂದು ಬಗೆಯ ವಾಸ್ತುಶೈಲಿ ಹರಡಿತು. ಕಮಾನು, ಗುಮ್ಮಟ, ಕೆತ್ತನೆಗಳನ್ನು ಅದು ತೊರೆಯಿತು. ಕಾಂಕ್ರೀಟಿನ ಕಂಬತೊಲೆಗಳ ಚೌಕಟ್ಟನ್ನು ಮರೆಮಾಚದೆ ತೋರಿಸಿತು. ಗೋಡೆಯ ಜಾಗದಲ್ಲಿ ಗಾಜನ್ನು ಇಟ್ಟಿತು. ಬಿಸಿಲ ನಾಡುಗಳಲ್ಲಿ ಗಾಜಿನ ಮುಂದೆ ಕಾಂಕ್ರೀಟಿನ ಅಡ್ಡಪಟ್ಟಿಗಳನ್ನೂ ಜಾಲಂಧ್ರಗಳನ್ನೂ ಹೂಡಿ ನೆರಳು ಮಾಡಿಕೊಂಡಿತು. ಅಂದವು ಅಲಂಕಾರದಿಂದಲ್ಲ, ಉಪಯೋಗದಿಂದ ಬರಬೇಕು ಎಂಬುದು ಅದರ ಮತ. ಹೊಸದಾಗಿ ಸ್ವತಂತ್ರಗೊಂಡ ದೇಶಗಳಿಗೆ ಈ ಮತ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಇಂಗ್ಲಿಷರ ಗಾಥಿಕ್ ಗೋಪುರಗಳೂ ಬೇಡ, ಅರಸರ ಅರಮನೆಗಳ ಅನುಕರಣೆಯೂ ಬೇಡ ಎಂದವರಿಗೆ ಇದೊಂದು ಬಿಡುಗಡೆಯ ಭಾಷೆಯಾಗಿ ತೋರಿತು. ಆದರೂ ಹಳೆಯ ಮೋಹ ಪೂರ್ತಿ ಬಿಟ್ಟಿತೆನ್ನುವಂತಿಲ್ಲ. 1956ರ ಯುನೆಸ್ಕೋ ಸಮ್ಮೇಳನಕ್ಕಾಗಿ ದಿಲ್ಲಿಯಲ್ಲಿ ಸರಕಾರವೇ ಕಟ್ಟಿಸಿದ ಅಶೋಕ ಹೋಟೆಲಿನಲ್ಲಿ ಒಳಗಿನ ಯೋಜನೆ ಹೊಸದಾದರೂ ಹೊರಗೆ ಝರೋಕಗಳು ಉಳಿದುಕೊಂಡವು.

ಮುಂಬಯಿಯಲ್ಲಿ ಇಂಥ ಹೋಟೆಲುಗಳು ಎದ್ದುದಕ್ಕೆ ನಿಕಟ ಕಾರಣ ವಿಮಾನ. ಹಡಗಿನಲ್ಲಿ ಬರುತ್ತಿದ್ದ ಪ್ರವಾಸಿ ಬಂದರಿನಲ್ಲಿ ಇಳಿದು ಕೊಲಾಬಾದ ಸುತ್ತ ತಂಗುತ್ತಿದ್ದನು. 1960ರಲ್ಲಿ ಏರ್ ಇಂಡಿಯಾದ ಕೈಗೆ ಬೋಯಿಂಗ್ 707 ಜೆಟ್ ವಿಮಾನ ಬಂದಿತು. 1971ರಲ್ಲಿ ಜಂಬೋ ಬಂದಿತು. ಒಂದೊಂದು ಜಂಬೋ ವಿಮಾನದಿಂದ ಮುನ್ನೂರು ನಾಲ್ಕುನೂರು ಮಂದಿ ಒಮ್ಮೆಗೇ ಸಾಂತಾಕ್ರೂಜಿನಲ್ಲಿ ಇಳಿಯತೊಡಗಿದ ಮೇಲೆ ತಂಗುವ ಕೋಣೆಗಳ ಗುರುತ್ವಕೇಂದ್ರವೇ ಉತ್ತರಕ್ಕೆ ಸರಿಯಿತು. ಜುಹೂ ಮರಳದಂಡೆಯ ಮೇಲೆ 1962ರಲ್ಲಿಯೇ ಸನ್-ಎನ್-ಸ್ಯಾಂಡ್ ತೆರೆದಿತ್ತು. ಏರ್ ಇಂಡಿಯಾ 1971ರಲ್ಲಿ ಭಾರತೀಯ ಹೋಟೆಲು ನಿಗಮವೆಂಬ ತನ್ನದೇ ಅಂಗಸಂಸ್ಥೆಯನ್ನು ಹುಟ್ಟುಹಾಕಿ, ವಿಮಾನನಿಲ್ದಾಣದ ಮಗ್ಗುಲಲ್ಲಿ ಬಳೆಯಾಕಾರದ ಸೆಂಟಾರ್ ಹೋಟೆಲನ್ನೂ, ಮುಂದೆ 80ರ ದಶಕದಲ್ಲಿ ಜುಹೂ ತೀರದಲ್ಲಿ ಇನ್ನೊಂದು ಸೆಂಟಾರನ್ನೂ ಕಟ್ಟಿಸಿತು. ಈ ಎರಡರ ನಡುವಿನ ಕಾಲದಲ್ಲಿ ಬಾಂದ್ರಾದ ಸೀ ರಾಕ್ ಎದ್ದಿತು. ಅಡುಗೆಮನೆಗೂ ಮೊಗಸಾಲೆಗೂ ತರಬೇತಾದ ಜನ ಬೇಕಾಯಿತು. ದಾದರಿನಲ್ಲಿ 1954ರಲ್ಲಿಯೇ ಆರಂಭವಾಗಿದ್ದ ಕೇಟರಿಂಗ್ ಕಾಲೇಜು ಆ ಕೊರತೆಯನ್ನು ನೀಗಿಸುವುದರಲ್ಲಿ ಮುಂದಾಗಿತ್ತು. ಸೀ ರಾಕನ್ನು ಮುಂದೆ ನಡೆಸಿದ ಐ.ಟಿ.ಸಿ.ಯ ವೆಲ್‌ಕಮ್ ಗ್ರೂಪಿನ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ; 1986ರಲ್ಲಿ ಮಣಿಪಾಲದಲ್ಲಿ ಹೋಟೆಲು ಆಡಳಿತದ ಪದವಿಶಾಲೆ ಸ್ಥಾಪಿತವಾದುದು ಅದರ ಸಹಯೋಗದಲ್ಲಿಯೇ. ಉಡುಪಿಯ ಸುತ್ತಿನ ಹುಡುಗರು ಅನುಭವದಿಂದ ಕಲಿಯುತ್ತಿದ್ದ ವಿದ್ಯೆ ಉಡುಪಿಯ ಮಗ್ಗುಲಲ್ಲಿಯೇ ಪದವಿಯ ವಿಷಯವಾದುದು ಒಂದು ಸ್ವಾರಸ್ಯ.

ಇಲ್ಲಿ ಒಂದು ಮಾತನ್ನು ಮರೆಯಲಾಗದು. ಇಂದು ಯಾವುದರ ಅಳಿವಿಗಾಗಿ ಮರುಗುತ್ತೇವೆಯೋ ಆ ಆಧುನಿಕ ಹೋಟೆಲುಗಳೇ ಹುಟ್ಟುವಾಗ ಹಳೆಯವನ್ನು ನುಂಗಿ ಹುಟ್ಟಿದವು. ಅಪೋಲೋ ಬಂದರದಲ್ಲಿ ತಾಜಮಹಲ್ ಹೋಟೆಲಿನ ನೆರೆಯಲ್ಲಿದ್ದ ಗ್ರೀನ್ಸ್ ಹೋಟೆಲು ಎಷ್ಟೋ ಜನರ ನೆನಪಿನಲ್ಲಿದ್ದ ಕಟ್ಟಡ. ಅದನ್ನು ಕೆಡವಿದ ಜಾಗದಲ್ಲಿಯೇ 1973ರಲ್ಲಿ ತಾಜ್ ಗೋಪುರ ತೆರೆಯಿತು. ಆಗ ಗ್ರೀನ್ಸಿಗಾಗಿ ಅತ್ತವರು ಕಡಿಮೆ. ಹೊಸದು ಬೇಕೆಂಬ ಹಂಬಲ ಅಂದು ಅಷ್ಟು ಬಲವಾಗಿತ್ತು.

ಸೀ ರಾಕಿನ ಸ್ಥಳಕ್ಕೆ ಬರೋಣ. ಬಾಂದ್ರಾದ ಆ ಮೂಗಿನ ತುದಿಯಲ್ಲಿ ಪೋರ್ತುಗೀಸರು 1640ರಲ್ಲಿ ‘ಕಾಸ್ತೆಲ್ಲಾ ದ ಆಗ್ವಾದ’ ಎಂಬ ಕಾವಲುಕೋಟೆ ಕಟ್ಟಿದ್ದರು. ಅದರ ಅವಶೇಷ ಇಂದಿಗೂ ಅಲ್ಲಿದೆ. ಅಲ್ಲಿಂದ ದಕ್ಷಿಣಕ್ಕೆ ಮಾಹಿಮ ಕೊಲ್ಲಿ, ಪಶ್ಚಿಮಕ್ಕೆ ತೆರೆದ ಅರಬ್ಬೀ ಸಮುದ್ರ. ಇಂಥ ಸ್ಥಳದಲ್ಲಿ ಎತ್ತರದ ಕಟ್ಟಡವೊಂದನ್ನು ನೀರಿನ ಅಂಚಿನಲ್ಲಿಯೇ, ಬಂಡೆಗಳ ಮೇಲೆ ನಿಲ್ಲಿಸುವುದು ಆ ಕಾಲದ ಧೈರ್ಯವನ್ನು ತೋರಿಸುತ್ತದೆ. ಅವಿವೇಕವನ್ನೂ ತೋರಿಸುತ್ತದೆ ಎನ್ನುವವರುಂಟು. ಮಳೆಗಾಲದ ದೊಡ್ಡ ಭರತದಲ್ಲಿ ಅಲೆಗಳು ಆ ಬಂಡೆಗಳ ಮೇಲೇರಿ ಒಡೆಯುತ್ತವೆ. ಕಡಲತಡಿಯ ಮೇಲೆ ಕಟ್ಟುವುದಕ್ಕೆ ಕೇಂದ್ರ ಸರಕಾರದ ನಿರ್ಬಂಧಗಳು ಆಗಿನ್ನೂ ಬಂದಿರಲಿಲ್ಲ.

1993ರ ಮಾರ್ಚ್ 12, ಶುಕ್ರವಾರ. ಮಧ್ಯಾಹ್ನ ಶೇರು ಪೇಟೆಯಲ್ಲಿ ಮೊದಲ ಸ್ಫೋಟವಾಯಿತು. ಮುಂದಿನ ಎರಡು ಗಂಟೆಗಳಲ್ಲಿ ನಗರದ ಹಲವು ಕಡೆ ಸ್ಫೋಟಗಳಾದವು. ಸತ್ತವರು 257 ಮಂದಿ. ಸೀ ರಾಕ್, ಜುಹೂ ಸೆಂಟಾರ್, ವಿಮಾನನಿಲ್ದಾಣದ ಸೆಂಟಾರ್, ಈ ಮೂರು ಹೋಟೆಲುಗಳಲ್ಲಿಯೂ ಅತಿಥಿಗಳ ಸೋಗಿನಲ್ಲಿ ಬಂದವರು ಹಿಡಿದ ಕೋಣೆಗಳಲ್ಲಿ ಪೆಟ್ಟಿಗೆಗಳಲ್ಲಿಟ್ಟ ಬಾಂಬುಗಳು ಸಿಡಿದವು. ಅತಿಥಿಯನ್ನು ನಂಬಿ ಬಾಗಿಲು ತೆರೆಯುವುದೇ ಕಸುಬಾದ ಸಂಸ್ಥೆಗೆ ಇದಕ್ಕಿಂತ ಕ್ರೂರವಾದ ಪೆಟ್ಟು ಇನ್ನಾವುದಿದ್ದೀತು! ವಿಚಿತ್ರವೆಂದರೆ, ಜೆಟ್ ಯುಗದಲ್ಲಿ ಹುಟ್ಟಿದ ಈ ಮೂರು ಹೋಟೆಲುಗಳಲ್ಲಿ ಒಂದೂ ತನ್ನ ಮೂಲ ಸ್ವರೂಪದಲ್ಲಿ ಇಂದು ಉಳಿದಿಲ್ಲ. ಹಾಗೆಂದು ಮೂರನ್ನೂ ಬಾಂಬಿನ ಲೆಕ್ಕಕ್ಕೆ ಬರೆಯುವಂತಿಲ್ಲ. ಸೆಂಟಾರುಗಳೆರಡೂ ರಿಪೇರಿಯಾಗಿ ಮತ್ತೆ ನಡೆದವು. ಅದೇ ದಿನ ಪೆಟ್ಟು ತಿಂದ ನರಿಮನ್ ಪಾಯಿಂಟಿನ ಏರ್ ಇಂಡಿಯಾ ಕಟ್ಟಡವೂ ಶೇರು ಪೇಟೆಯ ಗೋಪುರವೂ ಈಗಲೂ ನಿಂತಿವೆ. ಕಾಂಕ್ರೀಟಿನ ಚೌಕಟ್ಟಿನ ಗುಣವೇ ಅದು: ಒಂದು ಕೋಣೆಯ ಗೋಡೆಗಳು ಹಾರಿಹೋದರೂ ಕಂಬಗಳೂ ತೊಲೆಗಳೂ ಭಾರವನ್ನು ಹಂಚಿಕೊಂಡು ನಿಲ್ಲುತ್ತವೆ. ಸೀ ರಾಕೂ ನಿಂತೇ ಇತ್ತು. ಆದರೆ ಅದು ಹಿಂದಿನಂತೆ ಮತ್ತೆ ತೆರೆಯಲಿಲ್ಲ. ವರ್ಷಗಟ್ಟಲೆ ಕಿಟಕಿಗಳಲ್ಲಿ ದೀಪವಿಲ್ಲದೆ, ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಸಂಜೆ ತಿರುಗಾಡುವವರ ಕಣ್ಣಿಗೆ ಒಂದು ಖಾಲಿ ಗೂಡಾಗಿ ಕಾಣುತ್ತಿತ್ತು.

ಖಾಲಿ ನಿಂತ ಕಟ್ಟಡಕ್ಕೆ ಸಮುದ್ರಕ್ಕಿಂತ ದೊಡ್ಡ ಶತ್ರುವಿಲ್ಲ. ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳುಗಳಿಗೆ ಸುತ್ತಲಿನ ಸಿಮೆಂಟಿನ ಕ್ಷಾರಗುಣವೇ ಒಂದು ಕವಚ. ಉಪ್ಪುಗಾಳಿಯಲ್ಲಿನ ಕ್ಲೋರೈಡು ಸಣ್ಣ ಸಣ್ಣ ಬಿರುಕುಗಳ ಮೂಲಕ ಒಳಸೇರಿ ಆ ಕವಚವನ್ನು ಮುರಿಯುತ್ತದೆ. ಸರಳು ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವುದರಿಂದ ಒಳಗಿನಿಂದಲೇ ಕಾಂಕ್ರೀಟನ್ನು ಸೀಳಿ ಪದರಪದರವಾಗಿ ಉದುರಿಸುತ್ತದೆ. ಮುಂಬಯಿಯ ಯಾವ ಹಳೆಯ ಕಟ್ಟಡದ ಸಜ್ಜಾದ ಕೆಳಗೆ ನಿಂತು ಮೇಲೆ ನೋಡಿದರೂ ಈ ರೋಗದ ಲಕ್ಷಣ ಕಾಣುತ್ತದೆ. ದಿನವೂ ಬಳಕೆಯಲ್ಲಿರುವ ಕಟ್ಟಡದಲ್ಲಿ ಬಿರುಕು ಕಂಡಾಗ ಗಾರೆ ಬೀಳುತ್ತದೆ, ಬಣ್ಣ ಬೀಳುತ್ತದೆ. ಮುಚ್ಚಿದ ಕಟ್ಟಡಕ್ಕೆ ಆ ಆರೈಕೆ ಇಲ್ಲ. ಕಲ್ಲಿನ ವಿಕ್ಟೋರಿಯಾ ಕಾಲದ ಕಟ್ಟಡ ನೂರಾರು ವರ್ಷ ಉಪೇಕ್ಷೆಯನ್ನು ಸಹಿಸಬಲ್ಲದು. ಕಡಲ ದಂಡೆಯ ಕಾಂಕ್ರೀಟು ಇಪ್ಪತ್ತು ವರ್ಷವನ್ನೂ ಸಹಿಸಲಾರದು. ಆಧುನಿಕ ವಾಸ್ತುವಿನ ಬಹುದೊಡ್ಡ ದೌರ್ಬಲ್ಯವಿದು. ಅದರ ಅಭಿಮಾನಿಗಳು ಇದನ್ನು ಒಪ್ಪಿಕೊಳ್ಳಲು ಹಿಂಜರಿಯಬಾರದು.

ಆದರೂ ತುಕ್ಕಿಗೆ ಚಿಕಿತ್ಸೆಯುಂಟು, ದುಬಾರಿಯಾದರೂ ಉಂಟು. ಚಿಕಿತ್ಸೆಗೆ ಮನಸ್ಸು ಬರಬೇಕಾದರೆ ಕಟ್ಟಡದ ಬೆಲೆ ನೆಲದ ಬೆಲೆಗಿಂತ ತೀರಾ ಕೆಳಗಿರಬಾರದು. ಮುಂಬಯಿಯಲ್ಲಿ ತೊಡಕಿರುವುದು ಇಲ್ಲಿಯೇ. ಈ ನಗರದಲ್ಲಿ ನೆಲವನ್ನು ಅಳೆಯುವ ಕೋಲಿನ ಹೆಸರು ಎಫ್.ಎಸ್.ಐ.; ನಿವೇಶನದ ವಿಸ್ತಾರಕ್ಕೆ ಎಷ್ಟು ಪಟ್ಟು ನೆಲಹಾಸನ್ನು ಎಲ್ಲ ಅಂತಸ್ತುಗಳಲ್ಲಿ ಒಟ್ಟಾಗಿ ಕಟ್ಟಬಹುದೆಂಬ ಲೆಕ್ಕವದು. 1991ರ ಅಭಿವೃದ್ಧಿ ನಿಯಂತ್ರಣ ನಿಯಮಾವಳಿಯಲ್ಲಿ ದ್ವೀಪನಗರಕ್ಕೆ ಈ ಅಂಕೆ 1.33, ಉಪನಗರಗಳಿಗೆ ಸಾಮಾನ್ಯವಾಗಿ 1.00. ಅದೇ ನಿಯಮಾವಳಿಯಲ್ಲಿ ತಾರಾಶ್ರೇಣಿಯ ಹೋಟೆಲುಗಳಿಗೆ ಹೆಚ್ಚಿನ ಎಫ್.ಎಸ್.ಐ. ಕೊಡಬಹುದೆಂಬ ವಿಶೇಷ ಅವಕಾಶವೂ ಇತ್ತು. ಇದರ ಪರಿಣಾಮವನ್ನು ವಾಚಕರು ಸುಲಭವಾಗಿ ಊಹಿಸಬಹುದು. ಹಳೆಯ ಕಟ್ಟಡವನ್ನು ಉಳಿಸಿಕೊಂಡವನಿಗೆ ದೊರೆಯುವುದು ಇದ್ದಷ್ಟೇ ಕೋಣೆಗಳು. ಕೆಡವಿ ಕಟ್ಟುವವನ ಮುಂದೆ ಹೆಚ್ಚಿನ ಕೋಣೆಗಳ ಆಸೆ. ಇದರ ಮೇಲೆ ಹೋಟೆಲು ವ್ಯವಸಾಯದ ಒಳಗಿನ ಒತ್ತಡಗಳು ಸೇರಿದವು. 60, 70ರ ದಶಕಗಳ ಕೋಣೆಗಳು ಇಂದಿನ ಅಳತೆಗೆ ಚಿಕ್ಕವು. ಅಂತಸ್ತಿನ ಎತ್ತರ ಕಡಿಮೆಯಾದುದರಿಂದ ಹವಾನಿಯಂತ್ರಣದ ದೊಡ್ಡ ಕೊಳವೆಗಳನ್ನು ಮರೆಮಾಡಲು ಜಾಗವಿಲ್ಲ. ಅಗ್ನಿನಿವಾರಣೆಯ ಹೊಸ ನಿಯಮಗಳು ಕೇಳುವ ಎರಡನೆಯ ಮೆಟ್ಟಿಲು, ನೀರಿನ ತೊಟ್ಟಿ ಮುಂತಾದವನ್ನು ಹಳೆಯ ಚೌಕಟ್ಟಿನಲ್ಲಿ ಅಳವಡಿಸುವುದು ಕಷ್ಟ. ಉಪಯೋಗದಿಂದಲೇ ಅಂದ ಬರಬೇಕೆಂದು ಸಾರಿದ ಶೈಲಿಗೆ ಉಪಯೋಗವೇ ಬದಲಾದಾಗ ವಾದಿಸಲು ಮಾತಿಲ್ಲದಂತಾಯಿತು.

ಸೀ ರಾಕಿನ ವಿಷಯದಲ್ಲಿ ಕಡಲತೀರದ ಕಾನೂನು ಇನ್ನೊಂದು ತಿರುವನ್ನು ತಂದಿತು. 1991ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತರೇಖೆಯಿಂದ 500 ಮೀಟರುಗಳವರೆಗಿನ ನೆಲವನ್ನು ನಿರ್ಬಂಧಕ್ಕೆ ಒಳಪಡಿಸಿತು. ಆಗಲೇ ಬೆಳೆದ ನಗರಗಳಲ್ಲಿ, ಇದ್ದ ರಸ್ತೆಯ ಅಥವಾ ಇದ್ದ ಅಧಿಕೃತ ಕಟ್ಟಡದ ನೆಲದ ಕಡೆಯ ಪಕ್ಕದಲ್ಲಿ ಮಾತ್ರ ಹೊಸದನ್ನು ಕಟ್ಟಬಹುದು. ಇದ್ದ ಅಧಿಕೃತ ಕಟ್ಟಡವನ್ನು ಮಿತಿಗಳಿಗೆ ಒಳಪಟ್ಟು ಪುನಃ ಕಟ್ಟಬಹುದು. ಸಮುದ್ರವನ್ನು ಕಾಪಾಡುವ ಸದುದ್ದೇಶದ ಕಾನೂನು ಇದು. ಆದರೆ ಅದರಿಂದ ಅನಿರೀಕ್ಷಿತವಾದ ಫಲವೊಂದು ಉಂಟಾಯಿತು. ನೀರಿನ ಅಂಚಿನಲ್ಲಿ ಹೊಸ ಹೋಟೆಲು ಏಳುವುದೇ ದುರ್ಲಭವಾದಾಗ, ಕಾನೂನಿಗೆ ಮುಂಚೆ ಅಲ್ಲಿ ಎದ್ದಿದ್ದ ಹಳೆಯ ಹೋಟೆಲಿನ ನಿವೇಶನಕ್ಕೆ ಚಿನ್ನದ ಬೆಲೆ ಬಂದಿತು. ಬೆಲೆ ಬಂದುದು ಕಟ್ಟಡಕ್ಕಲ್ಲ; ಅಲ್ಲೊಂದು ಕಟ್ಟಡವಿತ್ತೆಂಬ ಹಕ್ಕಿಗೆ. 2009ರಲ್ಲಿ ತಾಜ್ ಸಮೂಹದ ಇಂಡಿಯನ್ ಹೋಟೆಲ್ಸ್ ಕಂಪನಿಯು ಸೀ ರಾಕಿನ ಒಡೆತನದ ಕಂಪನಿಯಲ್ಲಿ ನೂರಕ್ಕೆ 85 ಪಾಲನ್ನು 680 ಕೋಟಿ ರೂಪಾಯಿಗಳಿಗೆ ಕೊಂಡುಕೊಂಡಿತು. ಹದಿನಾರು ವರ್ಷ ದೀಪ ಹಚ್ಚದ ಹೋಟೆಲಿಗೆ ಕೊಟ್ಟ ಬೆಲೆಯಲ್ಲ ಅದು. ಕಟ್ಟಡ ನೆಲಸಮವಾಯಿತು. ಮುಂದೆ ಅನುಮತಿಗಳ ದಾರಿಯಲ್ಲಿ ವರ್ಷಗಳು ಕಳೆದವು. ಕಟ್ಟಡವೂ ಇಲ್ಲದ, ಹೊಸದೂ ಬರದ ಖಾಲಿ ಬಂಡೆಯಾಗಿ ಆ ಜಾಗ ಉಳಿಯಿತು.

ಸೆಂಟಾರುಗಳ ಗತಿಯನ್ನು ಇಷ್ಟು ವಿಸ್ತಾರವಾಗಿ ಹೇಳಬೇಕಾಗಿಲ್ಲ. 2002ರ ಸುಮಾರಿಗೆ ಸರಕಾರ ತನ್ನ ಹೋಟೆಲುಗಳನ್ನು ಮಾರಲು ಹೊರಟಾಗ ಜುಹೂ ಸೆಂಟಾರ್ 153 ಕೋಟಿಗೂ ವಿಮಾನನಿಲ್ದಾಣದ ಸೆಂಟಾರ್ 83 ಕೋಟಿಗೂ ಹೋದವು. ಎರಡನೆಯದನ್ನು ಕೊಂಡವರು ಕೆಲವೇ ತಿಂಗಳುಗಳಲ್ಲಿ ಅದನ್ನು 115 ಕೋಟಿಗೆ ಇನ್ನೊಬ್ಬರಿಗೆ ಮಾರಿದರು. ಸಂಸತ್ತಿನಲ್ಲಿ ಗದ್ದಲವಾಯಿತು, ಮಹಾಲೇಖಪಾಲರು ಆಕ್ಷೇಪವೆತ್ತಿದರು. ಚರ್ಚೆಯೆಲ್ಲ ಬೆಲೆಯದು, ಸಾರ್ವಜನಿಕ ಹಣದಿಂದ ಕಟ್ಟಿದ ಕಟ್ಟಡಗಳ ವಾಸ್ತುವಿನ ಬಗೆಗೆ ಮಾತು ಹೊರಡಲಿಲ್ಲ. ವಿಮಾನನಿಲ್ದಾಣದ ಹೋಟೆಲು ಬೇರೆ ಹೆಸರಿನಲ್ಲಿ, ಗುರುತು ಸಿಗದಂತೆ ರೂಪಾಂತರ ಹೊಂದಿತು. ಜುಹೂ ಹೋಟೆಲು ಹೆಸರು ಬದಲಿಸಿಕೊಂಡು ಕೆಲಕಾಲದ ಮೇಲೆ ಅತಿಥಿಗಳಿಗೆ ಬಾಗಿಲು ಮುಚ್ಚಿತು.

ಇವುಗಳನ್ನು ಪಾರಂಪರಿಕ ಕಟ್ಟಡಗಳೆಂದು ಕಾಪಾಡಬಹುದಾಗಿರಲಿಲ್ಲವೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮುಂಬಯಿಯಲ್ಲಿ 1995ರ ಏಪ್ರಿಲಿನಿಂದ ಪಾರಂಪರಿಕ ಕಟ್ಟಡಗಳ ನಿಯಮವಿದೆ. ಭಾರತದ ಮಹಾನಗರಗಳಲ್ಲಿ ಇಂಥ ನಿಯಮವನ್ನು ಮೊದಲು ತಂದ ಹೆಗ್ಗಳಿಕೆಯೂ ಈ ನಗರದ್ದೇ. ಮೂರು ಶ್ರೇಣಿಗಳ ಆ ಪಟ್ಟಿಯಲ್ಲಿ ಸೇರಲು ಕಟ್ಟಡಕ್ಕೆ ಇಷ್ಟೇ ವಯಸ್ಸಾಗಿರಬೇಕೆಂಬುದು ಮುಖ್ಯವಲ್ಲ. ನೋಡುವ ಕಣ್ಣಿಗೆ ಅದು ಮುಖ್ಯವೆನಿಸಬೇಕು. ಆದರೆ ಕಣ್ಣಿಗೆ ಒಂದು ದೋಷವಿದೆ. ಪ್ರತಿಯೊಂದು ಕಾಲವೂ ತನ್ನ ಅಜ್ಜಂದಿರ ಕಟ್ಟಡವನ್ನು ಗೌರವಿಸುತ್ತದೆ, ಅಪ್ಪಂದಿರ ಕಟ್ಟಡವನ್ನು ತಿರಸ್ಕರಿಸುತ್ತದೆ. ಮರೀನ್ ಡ್ರೈವಿನ ಮತ್ತು ಓವಲ್ ಮೈದಾನದ ಪಕ್ಕದ ಆರ್ಟ್ ಡೆಕೊ ಮನೆಗಳು 1930, 40ರ ದಶಕಗಳವು. ಅವು ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದುದು 2018ರ ಜೂನ್ 30ರಂದು. ಅಂದರೆ ಅವಕ್ಕೆ ಎಂಬತ್ತು ವರ್ಷ ತುಂಬಿದ ಮೇಲೆ. ಅವು ಅಷ್ಟು ಕಾಲ ಉಳಿದುದು ರಸಿಕತೆಯಿಂದಲ್ಲ. ಅವುಗಳಲ್ಲಿ ಜನ ವಾಸವಾಗಿದ್ದರು. 1947ರ ಬಾಡಿಗೆ ಕಾಯಿದೆಯ ಬಲದಿಂದ ಬಾಡಿಗೆದಾರರನ್ನು ಎಬ್ಬಿಸಲಾಗುತ್ತಿರಲಿಲ್ಲ. ಹೋಟೆಲಿನಲ್ಲಿ ಅಂಥ ಬಾಡಿಗೆದಾರನಿಲ್ಲ. ಅತಿಥಿಗೆ ಮರುದಿನ ಹನ್ನೆರಡು ಗಂಟೆಯ ಮೇಲೆ ಹಕ್ಕಿಲ್ಲ. ಮುಂಬಯಿಯಲ್ಲಿ ಮನೆಗಳು ಉಳಿದು ಹೋಟೆಲುಗಳು ಅಳಿದುದಕ್ಕೆ ಇದೂ ಒಂದು ಬಲವಾದ ಕಾರಣವೆಂದು ತೋರುತ್ತದೆ.

ವಯಸ್ಸಿನ ಮಾತು ದಿಲ್ಲಿಯಲ್ಲಿ ಇನ್ನೂ ಸ್ಪಷ್ಟವಾಗಿ ಕೇಳಿಬಂದಿತು. ಪ್ರಗತಿ ಮೈದಾನದಲ್ಲಿ ವಾಸ್ತುಶಿಲ್ಪಿ ರಾಜ್ ರೇವಾಲ್ ಮತ್ತು ಎಂಜಿನಿಯರ್ ಮಹೇಂದ್ರ ರಾಜ್ 1972ರಲ್ಲಿ ನಿರ್ಮಿಸಿದ ‘ಹಾಲ್ ಆಫ್ ನೇಷನ್ಸ್’ ಕಾಂಕ್ರೀಟಿನ ಬಲೆಯಂತಹ ಚೌಕಟ್ಟಿಗೆ ಲೋಕಪ್ರಸಿದ್ಧವಾಗಿತ್ತು. 2017ರ ಏಪ್ರಿಲಿನಲ್ಲಿ ರಾತ್ರೋರಾತ್ರಿ ಅದನ್ನು ಕೆಡವಲಾಯಿತು. ಪಾರಂಪರಿಕವೆನ್ನಿಸಿಕೊಳ್ಳಲು ಅರುವತ್ತು ವರ್ಷವಾಗಬೇಕು, ಇದಕ್ಕಿನ್ನೂ ನಲವತ್ತೈದು ಎಂಬುದು ಅಧಿಕಾರಿಗಳ ಕಡೆಯಿಂದ ಬಂದ ಕಾರಣ. ಅರುವತ್ತು ತುಂಬುವವರೆಗೆ ಬದುಕಿದ್ದರೆ ಗೌರವಿಸುತ್ತೇವೆ, ಆದರೆ ಅಲ್ಲಿಯವರೆಗೆ ಬದುಕಲು ಬಿಡುವುದಿಲ್ಲ ಎಂದಂತಾಯಿತು.

ಇದು ಈ ದೇಶದ ಕಾಯಿಲೆ ಮಾತ್ರವಲ್ಲ. 1962, ಜುಹೂವಿನ ಸನ್-ಎನ್-ಸ್ಯಾಂಡ್ ತೆರೆದ ಅದೇ ವರ್ಷ, ಟೋಕಿಯೊದಲ್ಲಿ ಯೊಶಿರೊ ತಾನಿಗುಚಿಯ ‘ಓಕುರಾ’ ಹೋಟೆಲು ತೆರೆಯಿತು. 1964ರ ಒಲಿಂಪಿಕ್ಸಿಗೆ ಬರುವ ಜಗತ್ತನ್ನು ಎದುರುಗೊಳ್ಳಲು ಜಪಾನು ಸಿದ್ಧಪಡಿಸಿದ ಮೊಗಸಾಲೆ ಅದಾಗಿತ್ತು. ಕಾಗದದ ದೀಪಗಳಂತೆ ತೂಗುವ ಷಟ್ಕೋನಗಳ ಬೆಳಕು, ಹೂವಿನ ಎಸಳುಗಳಂತೆ ಮೇಜಿನ ಸುತ್ತ ಜೋಡಿಸಿದ ಕುರ್ಚಿಗಳು. ಆಧುನಿಕತೆಯು ಒಂದು ನಾಡಿನ ಸಂಸ್ಕಾರವನ್ನು ಹೇಗೆ ಹೀರಿಕೊಳ್ಳಬಲ್ಲದೆಂಬುದಕ್ಕೆ ಅದೊಂದು ನಿದರ್ಶನ. 2015ರಲ್ಲಿ, ಮತ್ತೊಂದು ಒಲಿಂಪಿಕ್ಸಿನ ಹೆಸರಿನಲ್ಲಿ, ಹಲವು ದೇಶಗಳಿಂದ ಪ್ರತಿಭಟನೆ ಬಂದರೂ ಆ ಹಳೆಯ ಕಟ್ಟಡ ಉರುಳಿತು. 2019ರಲ್ಲಿ ತೆರೆದ ಹೊಸ ಗೋಪುರದಲ್ಲಿ ತಂದೆಯ ಮೊಗಸಾಲೆಯನ್ನು ಮಗ ಯೊಶಿಯೊ ತಾನಿಗುಚಿಯೇ ಹಾಗೆಯೇ ಮರುಸೃಷ್ಟಿಸಿದನು. ಅದಕ್ಕೂ ಹಿಂದೆ, ಫ್ರಾಂಕ್ ಲಾಯ್ಡ್ ರೈಟನು ಕಟ್ಟಿದ ಇಂಪೀರಿಯಲ್ ಹೋಟೆಲು 1923ರ ಸೆಪ್ಟೆಂಬರ್ 1ರ ಮಹಾಭೂಕಂಪವನ್ನು ಗೆದ್ದು ನಿಂತುದಾಗಿತ್ತು. ಭೂಕಂಪವನ್ನು ಗೆದ್ದುದು ನೆಲದ ಬೆಲೆಯನ್ನು ಗೆಲ್ಲಲಿಲ್ಲ. 60ರ ದಶಕದ ಕೊನೆಗೆ ಅದನ್ನು ಕೆಡವಿದರು. ಆದರೆ ಮುಂಬಾಗಿಲನ್ನೂ ಮೊಗಸಾಲೆಯನ್ನೂ ಬಿಚ್ಚಿ ಸಾಗಿಸಿ ಇನುಯಾಮದ ಮೇಜಿಮುರ ಬಯಲು ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಲ್ಲಿಸಿದ್ದಾರೆ.

ಕನ್ನಡಿಗರ ಕೈಯಲ್ಲಿದ್ದುದೇ ಹೀಗೆ ಹೋದ ಉದಾಹರಣೆಯೊಂದಿದೆ, ಅದು ಮದರಾಸಿನದು. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಹೋಗಿ ಅಡುಗೆಮನೆಯ ಕೆಲಸದಿಂದ ಮೇಲೆ ಬಂದ ಕೆ. ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ‘ವುಡ್‌ಲ್ಯಾಂಡ್ಸ್’ ಹೋಟೆಲನ್ನು ಆರಂಭಿಸಿದರು. 1962ರಲ್ಲಿ, ಮತ್ತೆ ಅದೇ ವರ್ಷ, ಕೆಥೆಡ್ರಲ್ ರಸ್ತೆಯಲ್ಲಿ ತೋಟಗಾರಿಕೆ ಸಂಘದ ನೆಲವನ್ನು ಗುತ್ತಿಗೆಗೆ ಪಡೆದು ‘ಡ್ರೈವ್-ಇನ್’ ತೆರೆದರು. ಕಾರಿನಿಂದ ಇಳಿಯದೆಯೇ ದೋಸೆ ತಿನ್ನುವುದೆಂದರೆ ಆ ಕಾಲಕ್ಕೆ ಅಮೇರಿಕೆಯ ಕನಸನ್ನು ಉಡುಪಿಯ ಬಾಣಲೆಗೆ ಹಾಕಿದಂತೆ. ಸಾಹಿತಿಗಳು, ಪತ್ರಕರ್ತರು, ಚಲಚ್ಚಿತ್ರದವರು, ಕಾಲೇಜು ಹುಡುಗರು ಗಂಟೆಗಟ್ಟಲೆ ಮರಗಳ ಕೆಳಗೆ ಕುಳಿತಿರುತ್ತಿದ್ದರು. ಆದರೆ ನೆಲ ಅವರದಾಗಿರಲಿಲ್ಲ. ಸರಕಾರ ಅದನ್ನು ಹಿಂದಕ್ಕೆ ಪಡೆದಾಗ 2008ರಲ್ಲಿ ಡ್ರೈವ್-ಇನ್ ಮುಚ್ಚಿತು. 2010ರಲ್ಲಿ ಅಲ್ಲಿ ‘ಸೆಮ್ಮೊಳಿ ಪೂಂಗಾ’ ಎಂಬ ಉದ್ಯಾನ ತೆರೆಯಿತು. ಹಳೆಯ ಮರಗಳನ್ನು ಉಳಿಸಿಕೊಂಡರು. ಬಾಂದ್ರಾದಲ್ಲಿ ಕಟ್ಟಡದ ಒಡೆಯರೇ ಕಟ್ಟಡಕ್ಕಿಂತ ನೆಲ ದೊಡ್ಡದೆಂದರು. ಮದರಾಸಿನಲ್ಲಿ ನೆಲದ ಒಡೆಯರು ಬೇರೆಯಾಗಿದ್ದರು. ಎರಡೂ ಕಡೆ ಮಾತು ನಡೆದುದು ನೆಲದ್ದೇ.

ಮುಂಬಯಿಯ ಕನ್ನಡ ಹೋಟೆಲುಗಳಲ್ಲಿ ಎಷ್ಟೋ ಇಂದಿಗೂ ಪಗಡಿಯ ಬಾಡಿಗೆ ಜಾಗಗಳಲ್ಲಿವೆ. ಹಳೆಯ ಚಾಳುಗಳನ್ನೂ ಮಾಳಿಗೆಗಳನ್ನೂ ಪುನರಭಿವೃದ್ಧಿಗಾಗಿ ಕೆಡವುವಾಗ ಬಾಡಿಗೆದಾರನಿಗೆ ಹೊಸ ಕಟ್ಟಡದಲ್ಲಿ ಜಾಗ ಸಿಗಬೇಕೆಂಬ ನಿಯಮವಿದೆ. ಆದರೆ ಮೂರು ನಾಲ್ಕು ವರ್ಷ ಒಲೆ ಆರಿದ ಹೋಟೆಲು ಹಿಂದಿರುಗಿ ಬರುವುದು ಸುಲಭವಲ್ಲ. ಚಪ್ಪಡಿಕಲ್ಲಿನ ಮೇಜು, ಬೆಂಟ್‌ವುಡ್ ಕುರ್ಚಿ, ಕನ್ನಡದಲ್ಲಿ ಬರೆದ ದರಪಟ್ಟಿ, ಗಲ್ಲಾದ ಹಿಂದಿನ ದೇವರ ಪಟ, ಮಾಳಿಗೆಯ ಮೇಲೆ ಹುಡುಗರು ಮಲಗುತ್ತಿದ್ದ ಅಟ್ಟ ಇವುಗಳ ಅಳತೆಯನ್ನೂ ಛಾಯಾಚಿತ್ರವನ್ನೂ ಕಟ್ಟಡ ನಿಂತಿರುವಾಗಲೇ ತೆಗೆದಿಡುವುದು ದುಬಾರಿಯ ಕೆಲಸವಲ್ಲ. ಮರೀನ್ ಡ್ರೈವಿನ ನಿವಾಸಿಗಳು ಮಾಡಿದ್ದೂ ಮೊದಲಿಗೆ ಇದನ್ನೇ: ಮನೆಮನೆಯ ಚಿತ್ರ, ಹೆಸರು, ಇಸವಿಗಳ ದಾಖಲೆ. ಯುನೆಸ್ಕೋ ಬಂದುದು ಅನಂತರ. ಸೀ ರಾಕಿಗೆ ಅಂಥ ದಾಖಲೆ ಮಾಡುವ ನೆರೆಹೊರೆಯಿರಲಿಲ್ಲ.

2025ರ ಫೆಬ್ರವರಿಯಲ್ಲಿ ಸೀ ರಾಕ್ ಇದ್ದ ಜಾಗದಲ್ಲಿ ‘ತಾಜ್ ಬ್ಯಾಂಡ್‌ಸ್ಟ್ಯಾಂಡ್’ ಎಂಬ ಹೊಸ ಹೋಟೆಲಿಗೆ ಭೂಮಿಪೂಜೆಯಾಯಿತು. ಬಾಂಬು ಸಿಡಿದ ದಿನಕ್ಕೂ ಈ ಪೂಜೆಗೂ ನಡುವೆ ಸುಮಾರು ಮೂವತ್ತೆರಡು ವರ್ಷಗಳು. ಆ ಹೋಟೆಲು ಅತಿಥಿಗಳನ್ನು ಕಂಡ ಕಾಲದ ಎರಡು ಪಟ್ಟು. ಅಲ್ಲಿಗೆ ಸ್ವಲ್ಪವೇ ದೂರದಲ್ಲಿ 1640ರ ಪೋರ್ತುಗೀಸ್ ಕೋಟೆಯ ಗೋಡೆಯನ್ನು ಸರಿಪಡಿಸಿ, ಸುತ್ತ ತೋಟ ಬೆಳೆಸಿ ಕಾಪಾಡಿದ್ದಾರೆ. ಸಂಜೆಯ ಹೊತ್ತು ಅದರ ಮೆಟ್ಟಿಲುಗಳ ಮೇಲೆ ಕುಳಿತವರಿಗೆ ಒಂದು ಕಡೆ ವರಳಿಯತ್ತ ಚಾಚಿದ ಸೇತುವೆಯೂ ಇನ್ನೊಂದು ಕಡೆ ಆ ನಿವೇಶನದ ಬೇಲಿಯೂ ಕಾಣುತ್ತವೆ.